96ಕ್ಕೆ ನಿಂತಿದ್ದ ‘ಹೌದು’: ಡ್ಯಾಮಿನ ನೀರಿನ ಮೇಲೆ ಪ್ರೆಡಿಕ್ಷನ್ ಮಾರ್ಕೆಟ್ ನಡೆಸಿದ ಲೆಕ್ಕ

ಮುಂಗಾರು ಹಿಡಿದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಚಹಾದಂಗಡಿಯಲ್ಲಿ ಮೊದಲು ಬರುವ ಮಾತು ಒಂದೇ: “ಡ್ಯಾಮಿಗೆ ಎಷ್ಟು ಬಂತ್ರೀ?” ಡ್ಯಾಮು ಎಂದರೆ ಇಲ್ಲಿ ತುಂಗಭದ್ರಾ. ಶಿವಮೊಗ್ಗದ ಕಡೆ ಮಳೆ ಹೇಗಿದೆ, ಗಾಜನೂರಿನಿಂದ ಎಷ್ಟು ಬಿಟ್ಟಿದ್ದಾರೆ, ಒಳಹರಿವು ಎಷ್ಟು ಸಾವಿರ ಕ್ಯೂಸೆಕ್, ಇವೆಲ್ಲ ಭತ್ತ ನಾಟಿ ಮಾಡುವವರಿಗೆ ಬಾಯಿಪಾಠ. 2023ರ ಬರ ಕಂಡವರಂತೂ 2024ರ ಜುಲೈ ಮೊದಲ ವಾರದಿಂದಲೇ ದಿನಕ್ಕೆರಡು ಸಲ ಮಟ್ಟ ಕೇಳುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಅಂದಾಜು. ಆ ಅಂದಾಜುಗಳನ್ನೆಲ್ಲ ಜಗ್ಗಾಡಿಸಿ ಒಂದೇ ಸಂಖ್ಯೆಗೆ ಇಳಿಸುವ ಏರ್ಪಾಟಿಗೆ ಪ್ರೆಡಿಕ್ಷನ್ ಮಾರ್ಕೆಟ್ ಎನ್ನುತ್ತಾರೆ. ಆ ಹಂಗಾಮಿನಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಮೂವತ್ತು ಜನರನ್ನು ಸೇರಿಸಿ ಅಂಥದೊಂದನ್ನು ಆನ್‌ಲೈನ್ ಹಾಳೆಯ ಮೇಲೆ ನಡೆಸಿದೆವು. ದುಡ್ಡಿಲ್ಲ, ಬಹುಮಾನವಿಲ್ಲ, ತಲೆಗೆ 2,000 ಅಂಕ ಅಷ್ಟೇ. ಷೇರಿನ ಬೆಲೆ ಹೇಗೆ ಹುಟ್ಟುತ್ತದೆ, ಎಲ್ಲಿ ಮೋಸ ಹೋಗುತ್ತದೆ ಎಂಬುದನ್ನು ಆ ಲೆಕ್ಕ ಹಿಡಿದೇ ಹೇಳುತ್ತೇವೆ.

ಮೊದಲು ಸರಕು ಯಾವುದು ಎಂದು ಗೊತ್ತಾಗಬೇಕು. ಇಲ್ಲಿ ಮಾರುವುದು ಒಂದು ವಾಕ್ಯದ ಮೇಲಿನ ಷೇರು. “ಆಗಸ್ಟ್ 15ರ ಬೆಳಗಿನ ವರದಿಯಲ್ಲಿ ತುಂಗಭದ್ರಾ ಜಲಾಶಯದ ಸಂಗ್ರಹ 100 ಟಿಎಂಸಿ ಅಥವಾ ಹೆಚ್ಚು ಇರುತ್ತದೆ.” ಇದು ನಿಜವಾದರೆ ‘ಹೌದು’ ಷೇರಿಗೆ 100 ಅಂಕ, ‘ಇಲ್ಲ’ ಷೇರಿಗೆ ಸೊನ್ನೆ. ಸುಳ್ಳಾದರೆ ತಿರುಗಾಮುರುಗಾ. ಎರಡನ್ನೂ ಒಂದೊಂದು ಇಟ್ಟುಕೊಂಡವನಿಗೆ ಏನೇ ಆದರೂ 100 ಅಂಕ ಗ್ಯಾರಂಟಿ. ಹಾಗಾಗಿ ಎರಡರ ಬೆಲೆ ಕೂಡಿದರೆ 100ರ ಆಸುಪಾಸಿನಲ್ಲೇ ಇರಬೇಕು. ‘ಹೌದು’ 62ಕ್ಕೆ ನಡೆಯುತ್ತಿದ್ದರೆ, ನೂರಕ್ಕೆ ಅರವತ್ತೆರಡು ಪಾಲು ಆಗಬಹುದು ಎಂದು ಮಾರುಕಟ್ಟೆ ಹೇಳುತ್ತಿದೆ ಎಂದು ಓದುತ್ತಾರೆ. ಈ ಓದು ಯಾವಾಗ ಸರಿ, ಯಾವಾಗ ಬರೀ ಪೊಳ್ಳು ಎಂಬುದರಲ್ಲೇ ಎಲ್ಲ ಇದೆ.

ಓಸಿ (ಮಟ್ಕಾ) ಚೀಟಿಯ ಊರಿನಲ್ಲಿ ಇದನ್ನು ವಿವರಿಸುವಾಗ ಒಂದು ಗೊಂದಲ ಮೊದಲೇ ಬಿಡಿಸಬೇಕಾಯಿತು. ಓಸಿಯಲ್ಲಿ ಒಂದಕ್ಕೆ ಇಷ್ಟು ಎಂಬ ದರ ಬರೆದುಕೊಳ್ಳುವವನದು; ಚೀಟಿ ಬರೆಸಿದ ಮೇಲೆ ವಾಪಸು ಮಾರಲು ಬರುವುದಿಲ್ಲ. ಇಲ್ಲಿ ದರ ಕೊಳ್ಳುವವರು ಮಾರುವವರ ಮೇಲೆ ನಿಮಿಷ ನಿಮಿಷಕ್ಕೆ ಹೊರಳುತ್ತದೆ, ಮಧ್ಯದಲ್ಲೇ ಮಾರಿ ಹೊರಬರಬಹುದು. ಜುಲೈಯಲ್ಲಿ 50ಕ್ಕೆ ಕೊಂಡ ‘ಹೌದು’ ಷೇರನ್ನು ಆಗಸ್ಟ್ 5ಕ್ಕೆ 94ಕ್ಕೆ ಮಾರಿದವನಿಗೆ ಆಮೇಲೆ ಡ್ಯಾಮಿಗೆ ಏನಾದರೂ ಚಿಂತೆಯಿಲ್ಲ.

ಮೂವತ್ತೇ ಜನ ಇದ್ದಾಗ ಒಂದು ತೊಂದರೆ ಕೂಡಲೇ ಎದುರಾಗುತ್ತದೆ. ಕೊಳ್ಳಬೇಕು ಎಂದಾಗ ಎದುರಿಗೆ ಮಾರುವವರು ಇರುವುದಿಲ್ಲ. ಇದಕ್ಕೆ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬಿನ್ ಹ್ಯಾನ್ಸನ್ 2003ರಲ್ಲಿ ಕೊಟ್ಟ ಸೂತ್ರವೊಂದಿದೆ; ಲಾಗರಿದ್ಮಿಕ್ ಮಾರ್ಕೆಟ್ ಸ್ಕೋರಿಂಗ್ ರೂಲ್, ಸಂಕ್ಷೇಪದಲ್ಲಿ ಎಲ್‌ಎಂಎಸ್‌ಆರ್ ಎನ್ನುತ್ತಾರೆ. ಯಾವಾಗ ಬಂದರೂ ಒಂದು ಬೆಲೆ ಹೇಳಿ ಕೊಡುವ, ಕೊಳ್ಳುವ ದಲ್ಲಾಳಿಯನ್ನು ಇದು ಹಾಳೆಯೊಳಗೇ ಕೂರಿಸುತ್ತದೆ. ಲೆಕ್ಕ ಹೀಗೆ: ಈವರೆಗೆ ಹೋಗಿರುವ ‘ಹೌದು’ ಷೇರುಗಳನ್ನು ‘ಬಿ’ ಎಂಬ ಸಂಖ್ಯೆಯಿಂದ ಭಾಗಿಸಿ, ‘ಇ’ಯನ್ನು (2.718) ಬಂದ ಸಂಖ್ಯೆಯ ಘಾತಕ್ಕೆ ಏರಿಸಿ. ‘ಇಲ್ಲ’ ಷೇರುಗಳಿಗೂ ಹಾಗೆಯೇ. ಎರಡನ್ನೂ ಕೂಡಿ, ಸಹಜ ಲಾಗರಿದಂ ತೆಗೆದು, ‘ಬಿ’ಯಿಂದ ಗುಣಿಸಿ, ನಮ್ಮದು 100 ಅಂಕದ ಷೇರಾದ್ದರಿಂದ ಮತ್ತೆ 100ರಿಂದ ಗುಣಿಸಿ. ಈ ಮೊತ್ತಕ್ಕೆ ‘ಖಾತೆ’ ಎಂದು ಹೆಸರಿಟ್ಟಿದ್ದೆವು. ಯಾರಾದರೂ 10 ಷೇರು ಕೇಳಿದರೆ, ಕೊಟ್ಟ ನಂತರದ ಖಾತೆಯಿಂದ ಕೊಡುವ ಮೊದಲಿನ ಖಾತೆ ಕಳೆದರೆ ಉಳಿದದ್ದೇ ಅವರು ತೆರಬೇಕಾದ ಅಂಕ. ಮಾರಲು ಬಂದರೆ ಅದೇ ಲೆಕ್ಕ ಉಲ್ಟಾ.

‘ಬಿ’ ಎಷ್ಟಿರಬೇಕು ಎನ್ನುವುದೇ ಇಡೀ ಆಟದ ಕೀಲಿ. ಮೊದಲ ದಿನ ಪರೀಕ್ಷೆಗೆಂದು 20 ಇಟ್ಟೆವು. ಒಬ್ಬರೇ ಬಂದು 29 ‘ಹೌದು’ ಕೊಂಡರು, 1,935 ಅಂಕ ತೆತ್ತರು, ಬೆಲೆ 50ರಿಂದ 81ಕ್ಕೆ ಹಾರಿತು. ಮೂವತ್ತು ಜನರ ಮಾರುಕಟ್ಟೆ ಒಬ್ಬರ ಹುಕಿಗೆ ಕುಣಿದರೆ ಆ 81ಕ್ಕೆ ಅರ್ಥವೇನು? ಆಮೇಲೆ 500 ಇಟ್ಟು ನೋಡಿದೆವು. ಅದೇ ಮನುಷ್ಯ ತನ್ನ ಅಂಕವನ್ನೆಲ್ಲ ಸುರಿದರೂ ಬೆಲೆ 52 ದಾಟಲಿಲ್ಲ. ಸುದ್ದಿ ಬಂದರೂ ಎಮ್ಮೆ ಹಾಗೆ ಕೂತಿತ್ತು. ಕೊನೆಗೆ 100ಕ್ಕೆ ನಿಂತೆವು. ಆಗ ಒಬ್ಬರು ಎಲ್ಲ ಅಂಕ ಹಾಕಿದರೆ 36 ಷೇರು ಬರುತ್ತದೆ, 1,962 ಅಂಕ ಹೋಗುತ್ತದೆ, ಬೆಲೆ 50ರಿಂದ 59ಕ್ಕೆ ಏರುತ್ತದೆ. ಮೂವತ್ತರಲ್ಲಿ ಒಬ್ಬರ ಮಾತಿಗೆ ಇಷ್ಟು ತೂಕ ಸಾಕು.

ದೊಡ್ಡ ‘ಬಿ’ಗೆ ಬೆಲೆ ತೆರಬೇಕಾದವರು ಮಾರುಕಟ್ಟೆ ನಡೆಸುವವರು. 50ರಿಂದ ಶುರುವಾದ ಎರಡು ಉತ್ತರದ ಪ್ರಶ್ನೆಯಲ್ಲಿ ಆ ಹಾಳೆಯ ದಲ್ಲಾಳಿಗೆ ಆಗಬಹುದಾದ ಗರಿಷ್ಠ ನಷ್ಟ ‘ಬಿ’ಯ 0.693 ಪಾಲು, ಅದರ ನೂರರಷ್ಟು. ‘ಬಿ’ 20 ಆದರೆ 1,386 ಅಂಕ, 100 ಆದರೆ 6,931, 500 ಆದರೆ 34,657. ಇದಕ್ಕಿಂತ ಒಂದು ಅಂಕವೂ ಹೆಚ್ಚು ಹೋಗುವುದಿಲ್ಲ, ಎಷ್ಟು ಜನ ಎಷ್ಟು ಕೊಂಡರೂ ಸರಿ. ಸರಿಯಾದ ಸುದ್ದಿ ತಂದವರಿಗೆ ಕೊಡುವ ಕೂಲಿ ಎಂದು ಈ ನಷ್ಟವನ್ನು ಬರೆದಿಟ್ಟುಕೊಳ್ಳಬೇಕು. ನಷ್ಟವೇ ಬೇಡ ಎನ್ನುವವರು ಈ ಸೂತ್ರಕ್ಕೆ ಕೈ ಹಾಕಬಾರದು.

ಒಂದು ವ್ಯವಹಾರವನ್ನು ಹತ್ತಿರದಿಂದ ನೋಡೋಣ. ಬೆಲೆ 50 ಇದ್ದಾಗ ಒಬ್ಬರು 10 ‘ಹೌದು’ ಕೇಳಿದರು. 10 ಸಲ 50 ಎಂದರೆ 500 ಎಂದುಕೊಂಡಿದ್ದರು, ಹಾಳೆ 512.5 ತೋರಿಸಿತು. “ಹನ್ನೆರಡೂವರೆ ಯಾಕ್ರೀ ಜಾಸ್ತಿ, ದಲಾಲಿ ಏನು?” ಎಂದು ಕೇಳಿದರು. ದಲಾಲಿ ಏನೂ ಇಲ್ಲ. ಮೊದಲ ಷೇರಿನ ಬೆಲೆ 50.125, ಎರಡನೆಯದು 50.375, ಹೀಗೆ ಒಂದೊಂದಕ್ಕೂ ಕಾಲು ಅಂಕದಂತೆ ಏರುತ್ತ ಹತ್ತನೆಯದು 52.375 ಆಗುತ್ತದೆ. ಕೊಂಡು ಮುಗಿಯುವಾಗ ಹಾಳೆಯ ಮೇಲೆ 52.5 ಕಾಣುತ್ತದೆ, ಕೈಗೆ ಬಿದ್ದ ಸರಾಸರಿ 51.25. ಹತ್ತಿ ಮಾರುಕಟ್ಟೆಯಲ್ಲಿ ಒಂದೇ ಖರೀದಿದಾರ ಇಡೀ ಅಂಗಳ ಎತ್ತಲು ನಿಂತರೆ ದರ ತಾನೇ ಏರುವುದಿಲ್ಲವೇ, ಅದೇ ಇದು. ಹಾಗೇ, ಈ ಹತ್ತನ್ನು ಆ ಕ್ಷಣವೇ ಮಾರಿದರೆ 525 ಸಿಗುವುದಿಲ್ಲ, 512.5 ಮಾತ್ರ. ಕಾಣುವ ಬೆಲೆ ಮುಂದಿನ ಒಂದು ಷೇರಿನ ಮೊದಲ ತುಣುಕಿನ ಬೆಲೆ. ಇಡೀ ಗಂಟಿನ ಬೆಲೆ ಬೇರೆ.

ಇಲ್ಲಿ ನಮ್ಮದೇ ಒಂದು ತಪ್ಪು ನುಸುಳಿತ್ತು. ಅರ್ಧ, ಕಾಲು ಅಂಕ ಯಾಕೆ ಎಂದು ಪ್ರತಿ ವ್ಯವಹಾರವನ್ನೂ ಕೆಳಗಿನ ಪೂರ್ಣಾಂಕಕ್ಕೆ ಇಳಿಸುವಂತೆ ಹಾಳೆ ಬರೆದಿದ್ದೆವು. ಎರಡನೇ ದಿನ ಸಂಜೆ ನೋಡಿದರೆ ಒಬ್ಬರ ಹೆಸರಿನಲ್ಲೇ ಒಂದೊಂದೇ ಷೇರಿನ ನೂರಾರು ಖರೀದಿ. ಲೆಕ್ಕ ಹಾಕಿದಾಗ ತಿಳಿಯಿತು: ಹತ್ತು ಷೇರನ್ನು ಒಟ್ಟಿಗೆ ಕೊಂಡರೆ 512, ಒಂದೊಂದಾಗಿ ಕೊಂಡರೆ 50, 50, 50, 50, 51, 51, 51, 51, 52, 52, ಒಟ್ಟು 508. ಮತ್ತೆ ಹತ್ತನ್ನೂ ಒಟ್ಟಿಗೆ ಮಾರಿದರೆ 512. ಒಂದು ಸುತ್ತಿಗೆ ನಾಲ್ಕು ಅಂಕ ಪುಕ್ಕಟೆ, ಡ್ಯಾಮಿನ ಬಗ್ಗೆ ಏನೂ ಗೊತ್ತಿಲ್ಲದೆ. ಮದ್ದು ಸುಲಭ: ಕೊಳ್ಳುವಾಗ ಮೇಲಕ್ಕೆ, ಮಾರುವಾಗ ಕೆಳಕ್ಕೆ ಪೂರ್ಣಾಂಕ ಮಾಡಬೇಕು. ಇಂಥ ಹಾಳೆ ಬರೆಯುವ ಯಾರೇ ಆದರೂ ಮೊದಲು ಹತ್ತು ಬಿಡಿ ಖರೀದಿ, ಒಂದು ಗಂಟು ಮಾರಾಟ ಮಾಡಿ ಅಂಕ ಹೆಚ್ಚಾಯಿತೇ ಎಂದು ನೋಡಿಕೊಳ್ಳಬೇಕು. ಹೆಚ್ಚಾದರೆ ಎಲ್ಲೋ ತೂತಿದೆ.

ಬೆಲೆಯನ್ನು ನಿಜವಾಗಿ ಎಳೆಯುವುದು ಒಳಹರಿವಿನ ಲೆಕ್ಕ. ಒಂದು ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ನೀರು ಇಡೀ ದಿನ ಹರಿದರೆ 86,400 ಘನ ಅಡಿ. 11,574 ಕ್ಯೂಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ, ಎಂದರೆ ನೂರು ಕೋಟಿ ಘನ ಅಡಿ. ಹಾಗಾಗಿ ಒಳಹರಿವು ಒಂದು ಲಕ್ಷ ಕ್ಯೂಸೆಕ್ ಎಂದರೆ ದಿನಕ್ಕೆ 8.64 ಟಿಎಂಸಿ. ಸಂಗ್ರಹ 50 ಇದೆ, ಒಳಹರಿವು 80,000, ಕಾಲುವೆ ಮತ್ತು ನದಿಗೆ ಬಿಡುವುದು 10,000 ಎಂದುಕೊಳ್ಳಿ. ಉಳಿಯುವ 70,000ಕ್ಕೆ ದಿನಕ್ಕೆ 6.05 ಟಿಎಂಸಿ ಸೇರುತ್ತದೆ, 100 ಮುಟ್ಟಲು ಎಂಟು ದಿನದ ಮೇಲೆ ಸ್ವಲ್ಪ. ಈ ಗುಣಾಕಾರ ಗೊತ್ತಿದ್ದವರು ಬೆಳಗಿನ ವರದಿ ಬಂದ ಹತ್ತು ನಿಮಿಷದಲ್ಲಿ ಕೊಳ್ಳುತ್ತಿದ್ದರು. ಉಳಿದವರು ಮರುದಿನದ ಪತ್ರಿಕೆ ಓದಿ ಕೊಳ್ಳುತ್ತಿದ್ದರು, ಅಷ್ಟರಲ್ಲಿ ಬೆಲೆ ಏರಿಯಾಗಿರುತ್ತಿತ್ತು. ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು, ಮಾನ್ವಿ ಕಡೆಯವರು, ಅಂದಾಜಿನಲ್ಲಿ ಎಲ್ಲರಿಗಿಂತ ಜಿಪುಣರು. ನೀರು ಕಣ್ಣಿಗೆ ಬೀಳುವವರೆಗೆ ಅವರು ‘ಹೌದು’ ಮುಟ್ಟಲೇ ಇಲ್ಲ. ಅವರ ಅನುಭವಕ್ಕೆ ಅದು ಸರಿ, ಪ್ರಶ್ನೆ ಮಾತ್ರ ಕಾಲುವೆಯದಾಗಿರಲಿಲ್ಲ, ಡ್ಯಾಮಿನದಾಗಿತ್ತು.

ಎಷ್ಟು ಕೊಳ್ಳಬೇಕು ಎನ್ನುವುದಕ್ಕೂ ಒಂದು ಕೈಲೆಕ್ಕವಿದೆ. ನಿಮ್ಮ ಅಂದಾಜು 70, ಬೆಲೆ 58. ವ್ಯತ್ಯಾಸ 12. ಅದನ್ನು 100ರಿಂದ 58 ಕಳೆದ 42ರಿಂದ ಭಾಗಿಸಿದರೆ 0.286. ಕೈಯಲ್ಲಿರುವ ಅಂಕದಲ್ಲಿ ಇಷ್ಟೇ ಪಾಲು, ಎಂದರೆ 2,000ದಲ್ಲಿ 571, ಹೆಚ್ಚೆಂದರೆ ಹಾಕಬಹುದು. ಕೆಲ್ಲಿ ಸೂತ್ರ ಎನ್ನುತ್ತಾರೆ. ನಿಮ್ಮ ಅಂದಾಜಿನ ಮೇಲೆ ನಿಮಗೇ ಪೂರ್ತಿ ನಂಬಿಕೆ ಇಲ್ಲವಾದರೆ ಅದರ ಅರ್ಧ. ನಮ್ಮ ಮೂವತ್ತರಲ್ಲಿ ಹೆಚ್ಚಿನವರು ಮೊದಲ ವಾರದಲ್ಲೇ ಎಲ್ಲ ಅಂಕವನ್ನೂ ಒಂದೇ ಕಡೆ ಸುರಿದಿದ್ದರು. ಆಮೇಲೆ ಸುದ್ದಿ ಬಂದಾಗ ಕೈ ಖಾಲಿ.

ಬೆಲೆ 90ರ ಮೇಲೆ ಹೋದಾಗ ಇನ್ನೊಂದು ವಿಚಿತ್ರ ಕಾಣುತ್ತದೆ. 50ರಿಂದ 60ಕ್ಕೆ ಏರಿಸಲು 2,231 ಅಂಕ ಸಾಕು. 90ರಿಂದ 95ಕ್ಕೆ ಏರಿಸಲು 6,931 ಬೇಕು. ಅಷ್ಟು ಹಾಕಿದವರಿಗೆ ಗೆದ್ದರೂ ಬರುವ ಲಾಭ 540ರ ಸುಮಾರು. ಅಷ್ಟಕ್ಕೆ ಎರಡು ವಾರ ಅಂಕ ಕಟ್ಟಿಹಾಕಲು ಯಾರಿಗೂ ಮನಸ್ಸಿಲ್ಲ. ದುಡ್ಡಿನ ಮಾರುಕಟ್ಟೆಗಳಲ್ಲೂ ಇದೇ ಕತೆ: ಖಚಿತ ಎನಿಸಿದ ಸಂಗತಿ 97ರಲ್ಲಿ ತೂಗಾಡುತ್ತಿರುತ್ತದೆ, ಆಗಲಾರದ್ದು 3ಕ್ಕೆ ಬಿಕರಿಯಾಗುತ್ತಿರುತ್ತದೆ. ಎರಡೂ ತುದಿಯ ಸಂಖ್ಯೆಗಳನ್ನು ಅಕ್ಷರಶಃ ಓದಬಾರದು.

ಆಗಸ್ಟ್ ಮೊದಲ ವಾರ ದಾಟುವಾಗ ಡ್ಯಾಮು ತುಂಬಿ, ಗೇಟು ತೆಗೆದು ನದಿಗೆ ಬಿಡುತ್ತಿದ್ದರು. ನಮ್ಮಲ್ಲಿ ಎರಡು ಪ್ರಶ್ನೆ ನಡೆಯುತ್ತಿದ್ದವು. ಒಂದು: “ಆಗಸ್ಟ್ 15ರೊಳಗೆ ಒಮ್ಮೆಯಾದರೂ 100 ಟಿಎಂಸಿ ಮುಟ್ಟುತ್ತದೆ.” ಅದು ಮುಟ್ಟಿಯಾಗಿತ್ತು, ಷೇರಿಗೆ ನೂರರಂತೆ ಚುಕ್ತಾ ಮಾಡಿ ಮುಚ್ಚಿದ್ದೆವು. ಎರಡನೆಯದು ಮೇಲೆ ಹೇಳಿದ್ದು: ಆಗಸ್ಟ್ 15ರ ಬೆಳಗ್ಗೆ 100 ಅಥವಾ ಹೆಚ್ಚು *ಇರುತ್ತದೆ*. ಇದು 96ರಲ್ಲಿ ನಿಂತಿತ್ತು. ‘ಮುಟ್ಟುತ್ತದೆ’, ‘ಇರುತ್ತದೆ’ ಎಂಬ ಎರಡು ಕ್ರಿಯಾಪದಗಳ ನಡುವೆ ಎಷ್ಟು ನೀರು ಹರಿಯಬಹುದು ಎಂದು ಯಾರೂ ಯೋಚಿಸಿರಲಿಲ್ಲ. ಪ್ರಶ್ನೆಯ ತಲೆಬರಹದಲ್ಲಿ ಎರಡಕ್ಕೂ ನಾವು “ಡ್ಯಾಮ್ ತುಂಬುತ್ತಾ?” ಎಂದೇ ಬರೆದಿದ್ದೆವು. ಅದು ನಮ್ಮ ದೊಡ್ಡ ತಪ್ಪು.

ಆಗಸ್ಟ್ 10, ಶನಿವಾರ ರಾತ್ರಿ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಯಿತು. ದುರಸ್ತಿ ಮಾಡಬೇಕೆಂದರೆ ನೀರನ್ನು ಕೆಳಗಿಳಿಸಲೇಬೇಕು. ಸುದ್ದಿ ಫೋನಿನಿಂದ ಫೋನಿಗೆ ಹರಿಯಿತು. ಹಾಳೆಯ ಮೇಲೆ ‘ಹೌದು’ ಇನ್ನೂ 96.

ಮೊದಲು ಎಚ್ಚರಿದ್ದವರ ಕೈಯಲ್ಲಿ 2,000 ಅಂಕ ಉಳಿದಿತ್ತು. ಎಲ್ಲವನ್ನೂ ‘ಇಲ್ಲ’ಕ್ಕೆ ಹಾಕಿದರು. 4ರಿಂದ ಶುರುವಾದ ಬೆಲೆಯಲ್ಲಿ ಅವರಿಗೆ 187 ಷೇರು ಸಿಕ್ಕವು, ಸರಾಸರಿ 10.7. ‘ಹೌದು’ 78.6ಕ್ಕೆ ಇಳಿಯಿತು. ಕೆಲ ಹೊತ್ತಿನಲ್ಲಿ ಬಂದ ಎರಡನೆಯವರೂ 2,000 ಹಾಕಿದರು. ಅವರಿಗೆ 71 ಷೇರು, ‘ಹೌದು’ 64.4. ಮೂರನೆಯವರಿಗೆ ಅದೇ 2,000ಕ್ಕೆ 48 ಷೇರು, ಬೆಲೆ 52.7. ಮೂವರಿಗೂ ಗೊತ್ತಿದ್ದದ್ದು ಒಂದೇ ಸುದ್ದಿ. ತಡವಾದಷ್ಟೂ ಆ ಸುದ್ದಿಯ ಬೆಲೆ ಷೇರಿನೊಳಗೆ ಆಗಲೇ ಸೇರಿರುತ್ತದೆ, ಉಳಿದವರಿಗೆ ಸಿಗುವುದು ತಳದ ಗಸಿ.

96ರಿಂದ 10ಕ್ಕೆ ಇಳಿಸಲು ಒಟ್ಟು 22,618 ಅಂಕದ ‘ಇಲ್ಲ’ ಕೊಳ್ಳಬೇಕು, ಅಥವಾ ಅಷ್ಟೇ ತೂಕದ ‘ಹೌದು’ ಮಾರಬೇಕು. ಉಳಿದವರ ಅಂಕ ‘ಹೌದು’ನಲ್ಲಿ ಸಿಕ್ಕಿಕೊಂಡಿದ್ದರಿಂದ ಮಾರಿದವರಿಂದಲೇ ಹೆಚ್ಚು ಇಳಿಯಿತು. ಭಾನುವಾರ ಮಧ್ಯಾಹ್ನದ ತನಕ ಬೆಲೆ ಮೂವತ್ತರ ಮೇಲೇ ಇತ್ತು. ಹೊರಗಿನಿಂದ ನೋಡಿದವರು “ಇನ್ನೂ ಮೂವತ್ತು ಪಾಲು ಆಸೆ ಇದೆಯಂತೆ” ಎಂದು ಓದಿಕೊಂಡರು. ಆಸೆ ಏನೂ ಇರಲಿಲ್ಲ. ಅರ್ಧ ಜನ ಹಾಳೆ ತೆರೆದಿರಲಿಲ್ಲ, ತೆರೆದವರ ಹತ್ತಿರ ಅಂಕ ಇರಲಿಲ್ಲ. ಬೆಲೆಯ ಪಕ್ಕದಲ್ಲೇ ಕಳೆದ 24 ಗಂಟೆಯಲ್ಲಿ ಎಷ್ಟು ಷೇರು ಕೈ ಬದಲಾಯಿಸಿದವು, ಎಷ್ಟು ಜನ ವ್ಯವಹಾರ ಮಾಡಿದರು ಎಂಬ ಎರಡು ಸಂಖ್ಯೆಗಳನ್ನು ತೋರಿಸಲು ಶುರುಮಾಡಿದ್ದು ಆಮೇಲೆ.

ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆ ಕೂರಿಸಿ ನೀರು ನಿಲ್ಲಿಸಿದ್ದು ಆಗಸ್ಟ್ 16, 17ರಲ್ಲಿ. 15ರ ಬೆಳಗ್ಗೆ ಸಂಗ್ರಹ 100ಕ್ಕಿಂತ ಬಹಳ ಕೆಳಗಿತ್ತು, ಹಾಗಾಗಿ ‘ಇಲ್ಲ’ಕ್ಕೆ ಚುಕ್ತಾ ಮಾಡಿದೆವು. ಜಗಳ ಆಗಲೇ ಶುರುವಾಗಿತ್ತು. “ಡ್ಯಾಮ್ ತುಂಬಿತ್ತೋ ಇಲ್ಲೋ ಹೇಳ್ರೀ ಅಣ್ಣಾರ? ತುಂಬಿತ್ತು ಅಂದಮ್ಯಾಲೆ ನಮ್ಮ ನೂರು ಎಲ್ಲಿ?” ಎಂದು ಒಬ್ಬರು, “ಗೇಟ್ ಹೋಗಿದ್ದು ಆಕಸ್ಮಿಕ, ಅದನ್ನ ಲೆಕ್ಕಕ್ಕ ಹಿಡಿಬಾರದು” ಎಂದು ಇನ್ನೊಬ್ಬರು. ವ್ಯವಹಾರವನ್ನೇ ರದ್ದು ಮಾಡಿ ಎಂದವರೂ ಇದ್ದರು. ರದ್ದು ಎಂಬುದು ಕೇಳಲು ಸುಲಭ. ನಡುವೆ 94ಕ್ಕೆ ಮಾರಿ ಹೋದವರ ಲಾಭವನ್ನೂ ಕಿತ್ತುಕೊಂಡು, ಮೊದಲ ದಿನದಿಂದ ಪ್ರತಿ ವ್ಯವಹಾರವನ್ನೂ ಹಿಂದಕ್ಕೆ ಬಿಚ್ಚುತ್ತ ಬರಬೇಕು; ಆ ಅಂಕದಲ್ಲಿ ಬೇರೆ ಪ್ರಶ್ನೆಯ ಷೇರು ಕೊಂಡಿದ್ದರೆ ಅದನ್ನೂ ಬಿಚ್ಚಬೇಕು. ತಲೆಬರಹ ದಾರಿ ತಪ್ಪಿಸುವಂತಿದ್ದರೂ ನಿಯಮದ ಸಾಲು ಸ್ಪಷ್ಟವಿತ್ತು. ಅದರಂತೆಯೇ ನಡೆದೆವು, ಬೈಸಿಕೊಂಡೆವು.

ದುಡ್ಡು ಹೂಡುವ ದೊಡ್ಡ ಆನ್‌ಲೈನ್ ಮಾರುಕಟ್ಟೆಗಳಿಗೂ ಈ ಕಾಟ ತಪ್ಪಿಲ್ಲ. ಪಾಲಿಮಾರ್ಕೆಟ್‌ನಲ್ಲಿ ಉತ್ತರ ಪ್ರಸ್ತಾಪಿಸುವವರು ಠೇವಣಿ ಇಡಬೇಕು, ಆಕ್ಷೇಪಕ್ಕೆ ಸಾಮಾನ್ಯವಾಗಿ 2 ಗಂಟೆ ಅವಕಾಶ. ಆಕ್ಷೇಪ ಬಂದು ಎಳೆದಾಡಿದರೆ ಯುಮಾ ಎಂಬ ವ್ಯವಸ್ಥೆಯ ಟೋಕನ್ ಇರುವವರು ಮತ ಹಾಕಿ ತೀರ್ಮಾನಿಸುತ್ತಾರೆ. ಎಷ್ಟೋ ಸಲ ಅಲ್ಲಿನ ವಾದವೂ ಒಂದು ಪದದ ಮೇಲೆಯೇ.

ಮುಂದಿನ ಸುತ್ತಿಗೆ, ಎರಡನೇ ಬೆಳೆಯ ನೀರಿನ ಪ್ರಶ್ನೆಗೆ, ಸೂತ್ರದ ದಲ್ಲಾಳಿಯನ್ನು ಬಿಟ್ಟು ಆರ್ಡರ್ ಬುಕ್ ಹಿಡಿದೆವು. ಅಮೆರಿಕದ ಕಾಲ್ಶಿ ಎಂಬ ಮಾರುಕಟ್ಟೆ, ಪಾಲಿಮಾರ್ಕೆಟ್ ನಡೆಯುವುದು ಹೀಗೆ. ಇಲ್ಲಿ ಮೊದಲು ಷೇರೇ ಇರುವುದಿಲ್ಲ. ಒಬ್ಬರು ‘ಹೌದು’ಗೆ 62 ಕೊಡುತ್ತೇನೆ ಎಂದು ಬರೆದಿಡುತ್ತಾರೆ. ಇನ್ನೊಬ್ಬರು ‘ಇಲ್ಲ’ಕ್ಕೆ 38 ಎನ್ನುತ್ತಾರೆ. 62, 38 ಕೂಡಿ 100 ಆದಾಗ ಒಂದು ಜೋಡಿ ಷೇರು ಹುಟ್ಟುತ್ತದೆ, ಒಬ್ಬೊಬ್ಬರಿಗೆ ಒಂದೊಂದು. ಆ 100 ಅಂಕ ತೀರ್ಪಿನ ದಿನದವರೆಗೆ ಪೆಟ್ಟಿಗೆಯಲ್ಲಿ. ನಡೆಸುವವರಿಗೆ ನಷ್ಟದ ಭಯವೇ ಇಲ್ಲ. ಎರಡನೆಯವರು ‘ಇಲ್ಲ’ಕ್ಕೆ 40 ಎಂದಿದ್ದರೂ 38ಕ್ಕೇ ಕುದುರುತ್ತದೆ, ಏಕೆಂದರೆ ಮೊದಲು ಬರೆದಿಟ್ಟವರ ಬೆಲೆಯೇ ಬೆಲೆ. ಇಬ್ಬರೂ ಮಾರಲು ಬಂದರೆ ಜೋಡಿ ಸುಟ್ಟುಹೋಗಿ ಪೆಟ್ಟಿಗೆಯ 100 ಇಬ್ಬರಿಗೂ ಹಂಚಿಹೋಗುತ್ತದೆ.

ಬುಕ್ಕಿನಲ್ಲಿ ಕೈ ಸುಡುವುದು ‘ಮಾರ್ಕೆಟ್ ಆರ್ಡರ್’ ಒತ್ತಿದಾಗ. ಮಾರುವವರ ಸಾಲು ಹೀಗಿತ್ತು: 64ಕ್ಕೆ 5, 66ಕ್ಕೆ 10, 70ಕ್ಕೆ 20. ಕೊಳ್ಳುವವರ ಅತಿ ಹೆಚ್ಚಿನ ಬೆಲೆ 62. ತೆರೆಯ ಮೇಲೆ ಕಾಣುವುದು ನಡುವಿನ 63. ಒಬ್ಬರು 20 ಷೇರನ್ನು ಸಿಕ್ಕ ಬೆಲೆಗೆ ಎಂದು ಒತ್ತಿದರು; 320, 660, 350 ಸೇರಿ 1,330 ಅಂಕ, ಸರಾಸರಿ 66.5. 63 ನೋಡಿ ಬಂದವರು ಷೇರಿಗೆ ಮೂರೂವರೆ ಹೆಚ್ಚು ಕೊಟ್ಟರು. 64 ಎಂದು ಲಿಮಿಟ್ ಬರೆದಿದ್ದರೆ 5 ಸಿಗುತ್ತಿತ್ತು, ಉಳಿದ 15ಕ್ಕೆ ಕಾಯಬೇಕಿತ್ತು. ಆದರೆ ಬರೆದಿಟ್ಟು ಮಲಗುವುದರಲ್ಲೂ ಅಪಾಯವಿದೆ: ರಾತ್ರಿ ಗೇಟು ಹೋದಂಥ ಸುದ್ದಿ ಬಂದರೆ, ನಿಮ್ಮ 64ರ ಆರ್ಡರಿಗೆ ಎಚ್ಚರಿದ್ದವರು ತಮ್ಮ ಷೇರನ್ನೆಲ್ಲ ಸುರಿದು ಹೋಗುತ್ತಾರೆ. ಹಾಗಾಗಿ ಆರ್ಡರಿಗೆ ಅವಧಿ ಹಾಕಬೇಕು, ಸಂಜೆ ಏಳಕ್ಕೆ ತಾನೇ ಅಳಿಯುವಂತೆ.

ಮೂವತ್ತು ಜನರ ಬುಕ್ಕು ಎಷ್ಟೋ ದಿನ ಬರಿದು. ಒಂದು ಬೆಳಗ್ಗೆ ಕೊಳ್ಳುವವರು 48, ಮಾರುವವರು 71. ನಡುವಿನದು 59.5. ಅದಕ್ಕೆ ಯಾವ ಅರ್ಥವೂ ಇಲ್ಲ. ಪಾಲಿಮಾರ್ಕೆಟ್ ಇಂಥ ಕಡೆ, ಅಂತರ 10 ಸೆಂಟ್ ಮೀರಿದರೆ, ನಡುವಿನ ಬೆಲೆ ಬಿಟ್ಟು ಕೊನೆಯ ವ್ಯವಹಾರದ ಬೆಲೆ ತೋರಿಸುತ್ತದೆ. ನಾವೂ ಅದನ್ನೇ ಅನುಸರಿಸಿದೆವು. ಅದೂ ಹಳೆಯದಾಗಿದ್ದರೆ ಬೆಲೆ ಜಾಗದಲ್ಲಿ ಗೆರೆ ಎಳೆದು ಬಿಡುವುದು ಮರ್ಯಾದೆ.

ಮೂರು ಉತ್ತರವಿರುವ ಪ್ರಶ್ನೆಯಲ್ಲಿ ಇನ್ನೊಂದು ಮಜಾ. ಎಡದಂಡೆಗೆ ನೀರು ಮಾರ್ಚ್ 31ಕ್ಕಿಂತ ಮೊದಲೇ ನಿಲ್ಲುತ್ತದೆ, ಮಾರ್ಚ್ 31ರಿಂದ ಏಪ್ರಿಲ್ 10ರ ನಡುವೆ ನಿಲ್ಲುತ್ತದೆ, ಅದಕ್ಕೂ ಆಮೇಲೆ. ಒಂದೊಂದಕ್ಕೂ ಕೊಳ್ಳುವವರು ಕೂಗಿದ ಬೆಲೆ 22, 51, 35. ಕೂಡಿದರೆ 108. ಮೂರರಲ್ಲಿ ಒಂದೇ ನಿಜವಾಗುವುದು, ಎಂದರೆ ಮೂರರ ಸೆಟ್ಟಿಗೆ ತೀರ್ಪಿನ ದಿನ ಸಿಗುವುದು 100. ಸೆಟ್ಟನ್ನು 100 ಕೊಟ್ಟು ಹುಟ್ಟಿಸಿ, ಮೂರನ್ನೂ ಬಿಡಿಬಿಡಿಯಾಗಿ ಮಾರಿದರೆ 8 ಅಂಕ ಉಳಿಯುತ್ತದೆ, ನೀರು ಯಾವಾಗ ನಿಂತರೂ ಸರಿ. ಕಾರಟಗಿಯ ಭತ್ತದ ವ್ಯಾಪಾರಿಯೊಬ್ಬರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಅರ್ಧ ಗಂಟೆಯಲ್ಲಿ ಮೊತ್ತ 101ಕ್ಕೆ ಬಂದಿತ್ತು.

ದುಡ್ಡಿನ ಮಾರುಕಟ್ಟೆಯಲ್ಲಿ ಆ 8ರಲ್ಲಿ ಶುಲ್ಕ ಕಳೆಯಬೇಕು. ಕಾಲ್ಶಿಯ ಸಾಮಾನ್ಯ ಸೂತ್ರ, ಷೇರುಗಳ ಸಂಖ್ಯೆ, ಡಾಲರಿನಲ್ಲಿ ಬೆಲೆ, ಒಂದರಿಂದ ಬೆಲೆ ಕಳೆದದ್ದು, ಇವನ್ನು ಗುಣಿಸಿ 0.07ರಿಂದ ಮತ್ತೆ ಗುಣಿಸುವುದು. 50 ಸೆಂಟಿನ 100 ಷೇರಿಗೆ 1.75 ಡಾಲರ್, 90 ಸೆಂಟಿನ 100ಕ್ಕೆ 63 ಸೆಂಟ್. ಇನ್ನೊಂದು ಮಾರುಕಟ್ಟೆಯಾದ ಪ್ರೆಡಿಕ್ಟ್‌ಇಟ್‌ನಲ್ಲಿ ಲಾಭದ ಮೇಲೆ 10%, ಹಣ ತೆಗೆಯುವಾಗ 5% ಎಂಬ ಪದ್ಧತಿ ಇತ್ತು. ಅಲ್ಲಿ ಎಷ್ಟೋ ಪ್ರಶ್ನೆಗಳ ಬೆಲೆ ಕೂಡಿದರೆ ನೂರು ದಾಟಿಯೇ ನಿಂತಿರುತ್ತಿದ್ದುದಕ್ಕೆ ಒಂದು ಕಾರಣ ಇದೇ. ಇವೆಲ್ಲಕ್ಕೂ ಹಿರಿಯಣ್ಣ 1988ರಲ್ಲಿ ಅಯೋವಾ ವಿಶ್ವವಿದ್ಯಾಲಯದವರು ಶುರುಮಾಡಿದ ಮಾರುಕಟ್ಟೆ. ಅಲ್ಲಿ ಒಬ್ಬರು ಹಾಕಬಹುದಾದದ್ದು 500 ಡಾಲರ್ ಮಾತ್ರ.

ನಾವು ಅಂಕಕ್ಕೇ ಕಟ್ಟುಬಿದ್ದದ್ದಕ್ಕೆ ಕಾರಣ ನೇರ. ದುಡ್ಡು ಬಂದರೆ ಈ ಊರುಗಳಲ್ಲಿ ಅದಕ್ಕೆ ಓಸಿ ಎಂಬ ಒಂದೇ ಹೆಸರು. ಆಮೇಲೆ ಕಾನೂನೂ ಅದನ್ನೇ ಹೇಳಿತು. ಒಪಿನಿಯನ್ ಟ್ರೇಡಿಂಗ್ (ಇಂಥ ಹೌದು-ಇಲ್ಲ ಪ್ರಶ್ನೆಗಳ ಮೇಲೆ ದುಡ್ಡು ಕಟ್ಟುವುದು) ತನ್ನ ನಿಯಂತ್ರಣದ ವ್ಯಾಪ್ತಿಯಲ್ಲಿಲ್ಲ, ಹೂಡಿಕೆದಾರರಿಗೆ ರಕ್ಷಣೆಯಿಲ್ಲ ಎಂದು ಷೇರುಪೇಟೆ ನಿಯಂತ್ರಕ ಸೆಬಿ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. ಅದೇ ವರ್ಷದ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಹಣ ಕಟ್ಟಿ ಹಣ ಗೆಲ್ಲುವ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ ಇದೆ. ಕೌಶಲವೋ ಅದೃಷ್ಟವೋ ಎಂಬ ವಾದಕ್ಕೂ ಅದರಲ್ಲಿ ಜಾಗವಿಲ್ಲ. ಹತ್ತು ರೂಪಾಯಿ ಪ್ರವೇಶ ಶುಲ್ಕ ಇಡೋಣ, ಗೆದ್ದವರಿಗೆ ಮಿರ್ಚಿ ಮಂಡಕ್ಕಿ ಕೊಡಿಸೋಣ ಎಂದವರಿಗೂ ಬೇಡ ಎಂದೇ ಹೇಳಬೇಕಾಯಿತು.

2025ರ ಹಂಗಾಮಿನಲ್ಲಿ ಗೇಟುಗಳ ಸ್ಥಿತಿ ನೋಡಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ನಮ್ಮ ಹಾಳೆಯಲ್ಲಿ ಹಿಂದಿನ ವರ್ಷದ ಸಾಲು ಸೂತ್ರದ ದಲ್ಲಾಳಿಯ ಸಮೇತ ನಕಲಾಗಿ 100 ಟಿಎಂಸಿಯ ಪ್ರಶ್ನೆ ಮತ್ತೆ 50ರ ಬೆಲೆಗೆ ತೆರೆದುಕೊಂಡಿತು. ಮೊದಲು ನೋಡಿದವರು 1,962 ಅಂಕಕ್ಕೆ 36 ‘ಇಲ್ಲ’ ಕೊಂಡರು. ಅಷ್ಟಕ್ಕೇ 1,638 ಲಾಭ, ಒಂದು ಹನಿ ಮಳೆ ನೋಡದೆ. ಇಂಥ ಪ್ರಶ್ನೆಯನ್ನು 50ರಿಂದ ತೆರೆಯಲೇಬೇಕೆಂದಿಲ್ಲ. ಶುರುವಿಗೇ 294 ‘ಇಲ್ಲ’ ಷೇರು ಹೋಗಿವೆ ಎಂದು ಖಾತೆಯಲ್ಲಿ ಬರೆದುಬಿಟ್ಟರೆ ‘ಹೌದು’ 5ಕ್ಕೆ ತೆರೆಯುತ್ತದೆ, ‘ಇಲ್ಲ’ ನಿಜವಾದರೆ ದಲ್ಲಾಳಿಯ ನಷ್ಟ 515 ಅಂಕ ದಾಟುವುದಿಲ್ಲ. ‘ಹೌದು’ ನಿಜವಾದರೆ ಮಾತ್ರ 29,915ರವರೆಗೆ ಹೋಗಬಹುದು. ಅದಕ್ಕೇ ಈಗ ಪ್ರತಿ ಪ್ರಶ್ನೆಯ ಮೊದಲ ಬೆಲೆಯನ್ನು ಬರೆಯುವ ಮುಂಚೆ ಡ್ಯಾಮು ನೋಡಿಕೊಳ್ಳುವ ತುಂಗಭದ್ರಾ ಮಂಡಳಿಯ ಆ ವರ್ಷದ ತೀರ್ಮಾನವನ್ನು ಓದುತ್ತೇವೆ, ತಲೆಬರಹದಲ್ಲಿ ನಿಯಮದ ಸಾಲನ್ನೇ ಪೂರ್ತಿ ಹಾಕುತ್ತೇವೆ: “ತುಂಗಭದ್ರಾ ಮಂಡಳಿಯ ಇಂಥ ದಿನದ ಬೆಳಗಿನ ವರದಿಯಲ್ಲಿ ಅಚ್ಚಾದ ಸಂಗ್ರಹ, ಎರಡು ದಶಮಾಂಶದವರೆಗೆ, ಪೂರ್ಣಾಂಕ ಮಾಡದೆ. ಆ ದಿನ ವರದಿ ಬರದಿದ್ದರೆ ಮರುದಿನದ್ದು. ಗೇಟು, ಕಾಲುವೆ, ಪ್ರವಾಹ ಏನೇ ಆದರೂ ಇದೇ ಅಂಕಿ.”